ಜಾಲಸೂಚಿಯ ಕೋಷ್ಠಕದಲ್ಲಿ ಮನೆಯ ಬೆಲೆಯನ್ನು ಓದುವ ಕ್ರಮ

ಹಸ್ತಪ್ರತಿಗಳ ಸೂಚಿಗಳು ಬಹುಕಾಲ ಅಚ್ಚಿನ ಪುಸ್ತಕಗಳಾಗಿಯೇ ವಿದ್ವಾಂಸರ ಕೈಸೇರುತ್ತಿದ್ದವು. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಂಪಾದಿಸಿ, ಕಾಶಿಯ ಭಾರತೀಯ ಜ್ಞಾನಪೀಠದಿಂದ 1948ರಲ್ಲಿ ಪ್ರಕಟವಾದ ‘ಕನ್ನಡಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ ಇದಕ್ಕೆ ಸುಪರಿಚಿತ ನಿದರ್ಶನ. ಈಗ ಇಂಥ ಸೂಚಿಗಳನ್ನು ಅಂತರಜಾಲದ ಪುಟಗಳಲ್ಲಿ ಕೋಷ್ಠಕರೂಪವಾಗಿ ಅಳವಡಿಸುವುದು ರೂಢಿಗೆ ಬಂದಿದೆ. ಅಚ್ಚಿನ ಸೂಚಿಗೆ ಓದುಗನು ಒಬ್ಬನೇ; ಜಾಲಸೂಚಿಗೆ ಇಬ್ಬರು. ಎರಡನೆಯ ಓದುಗ ಗಣಕದ ಕ್ರಮವಿಧಿ. ಅದು ಎಲ್ಲಿ, ಹೇಗೆ ತಪ್ಪಿ ಓದುತ್ತದೆ ಎಂಬುದನ್ನು ಸೂಚಿಯನ್ನು ಸಿದ್ಧಪಡಿಸುವ ವಿದ್ವಾಂಸರೂ ಅರಿತಿರುವುದು ಅವಶ್ಯ.

ಜಾಲಪುಟಗಳನ್ನು ಎಚ್‌ಟಿಎಂಎಲ್ ಎಂಬ ಸಂಕೇತಭಾಷೆಯಲ್ಲಿ ರಚಿಸಲಾಗುತ್ತದೆ. 1997ರಲ್ಲಿ ಅಂಗೀಕೃತವಾದ ಅದರ 3.2ನೆಯ ಆವೃತ್ತಿಯಲ್ಲಿ ಕೋಷ್ಠಕಕ್ಕೂ ಸ್ಥಾನ ದೊರೆಯಿತು. ಕೋಷ್ಠಕದೊಳಗೆ ಅಡ್ಡಸಾಲುಗಳು, ಅಡ್ಡಸಾಲಿನೊಳಗೆ ಮನೆಗಳು ಎಂಬುದು ಇದರ ರಚನೆ. 1995ರಲ್ಲಿ ಹುಟ್ಟಿದ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಬರೆದ ಕ್ರಮವಿಧಿಯು ‘ರೋಸ್’ ಎಂಬ ಪಟ್ಟಿಯಿಂದ ಸಾಲನ್ನೂ, ‘ಸೆಲ್ಸ್’ ಎಂಬ ಪಟ್ಟಿಯಿಂದ ಮನೆಯನ್ನೂ, ‘ಟೆಕ್ಸ್ಟ್‌ಕಂಟೆಂಟ್’ ಎಂಬ ಗುಣದಿಂದ ಮನೆಯೊಳಗಿನ ಬರಹವನ್ನೂ ಪಡೆಯುತ್ತದೆ. ಎಣಿಕೆ 0ಯಿಂದ ಆರಂಭವಾಗುವುದರಿಂದ ನಾಲ್ಕನೆಯ ಮನೆಯ ಸಂಖ್ಯೆ 3. ಶೀರ್ಷಿಕೆಯ ಸಾಲೂ ಈ ಎಣಿಕೆಗೆ ಸೇರುತ್ತದೆ.

ಮೊದಲನೆಯ ದೋಷವು ಸ್ಥಾನದಿಂದ ಉಂಟಾಗುವುದು. ಕಟ್ಟಿನ ಸಂಖ್ಯೆ, ಗ್ರಂಥನಾಮ, ಕರ್ತೃ, ಓಲೆಗಳ ಸಂಖ್ಯೆ ಎಂಬ ನಾಲ್ಕು ಕಂಬಸಾಲುಗಳಿರುವ ಸೂಚಿಯಲ್ಲಿ ಓಲೆಗಳ ಲೆಕ್ಕಕ್ಕಾಗಿ 3ನೆಯ ಸಂಖ್ಯೆಯ ಮನೆಯನ್ನು ಓದುವಂತೆ ವಿಧಿಸಿದೆಯೆಂದು ಭಾವಿಸಬಹುದು. ಮುಂದೆ ಕರ್ತೃವಿನ ಬಳಿಕ ‘ಲಿಪಿ’ ಎಂಬ ಹೊಸ ಕಂಬಸಾಲು ಸೇರಿದರೆ, ಕ್ರಮವಿಧಿಯು ಓಲೆಗಳ ಸಂಖ್ಯೆಯೆಂದು ಲಿಪಿಯ ಹೆಸರನ್ನೇ ಓದುತ್ತದೆ. ಎರಡು ಕಂಬಸಾಲುಗಳನ್ನು ವ್ಯಾಪಿಸಿದ ಮನೆಯನ್ನು ಒಂದೇ ಎಂದು ಎಣಿಸುವುದರಿಂದಲೂ ಮುಂದಿನ ಸ್ಥಾನಗಳು ಪಲ್ಲಟವಾಗುತ್ತವೆ. ಆದಕಾರಣ ಪ್ರತಿ ಸಾಲಿಗೂ ಪ್ರತಿಯ ಗುರುತುಸಂಖ್ಯೆಯನ್ನು, ಪ್ರತಿ ಮನೆಗೂ ಕಂಬಸಾಲಿನ ಹೆಸರನ್ನು ಸಂಕೇತದಲ್ಲಿಯೇ ಅಂಟಿಸಿ, ಸ್ಥಾನದಿಂದಲ್ಲದೆ ಹೆಸರಿನಿಂದ ಓದುವುದು ಸಾಧುವಾದ ಮಾರ್ಗ. ಕಟ್ಟಿನೊಳಗೆ ಓಲೆಗಳು ಹಿಂದುಮುಂದಾದರೂ ಪತ್ರಾಂಕದಿಂದ ಅವುಗಳ ಕ್ರಮವನ್ನು ನಿರ್ಧರಿಸುವ ಪದ್ಧತಿಗೂ ಇದಕ್ಕೂ ಭೇದವಿಲ್ಲ.

ಎರಡನೆಯದು ಅಂಕಿಗೆ ಸಂಬಂಧಿಸಿದ ದೋಷ. ಮನೆಯಿಂದ ದೊರೆಯುವುದು ಅಕ್ಷರಪಂಕ್ತಿಯೇ ಹೊರತು ಸಂಖ್ಯೆಯಲ್ಲ. 148 ಮತ್ತು 96 ಓಲೆಗಳ ಎರಡು ಪ್ರತಿಗಳನ್ನು ಹಾಗೆಯೇ ಕೂಡಿಸಿದರೆ 244ರ ಬದಲು 14896 ಎಂದಾಗುತ್ತದೆ. ಸಂಖ್ಯೆಯಾಗಿ ಪರಿವರ್ತಿಸುವಾಗಲೂ ಎಚ್ಚರ ಬೇಕು. ಗ್ರಂಥಪ್ರಮಾಣ 1,248 ಶ್ಲೋಕಗಳೆಂದು ಅಲ್ಪವಿರಾಮಸಹಿತ ಬರೆದಿದ್ದರೆ ‘ಪಾರ್ಸ್‌ಇಂಟ್’ ಎಂಬ ವಿಧಿ ಅದನ್ನು 1 ಎಂದು ಓದಿ ನಿಲ್ಲುತ್ತದೆ. ೧೪೮ ಎಂಬ ಕನ್ನಡ ಅಂಕಿಗಳನ್ನು ಅದು ಸಂಖ್ಯೆಯೆಂದೇ ಒಪ್ಪುವುದಿಲ್ಲ. ಅವುಗಳನ್ನು ಮೊದಲೇ 148 ಎಂದು ಮಾರ್ಪಡಿಸಿಕೊಡಬೇಕಾಗುತ್ತದೆ.

ಮೂರನೆಯದು ಅಕ್ಷರರೂಪದ ಭೇದ. ಯೂನಿಕೋಡ್ ಸಂಕೇತದಲ್ಲಿ ‘ಕೋ’ ಎಂಬ ಅಕ್ಷರದ ಓಕಾರವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಬಿಡಿ ಚಿಹ್ನೆಗಳ ಸರಣಿಯಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ಆಗಿ ಕಾಣುತ್ತವೆ. ಕ್ರಮವಿಧಿಗೆ ಅವು ಬೇರೆ ಬೇರೆ. ಹೀಗೆ ಒಂದೇ ಗ್ರಂಥದ ಎರಡು ಪ್ರತಿಗಳು ಎರಡು ಗ್ರಂಥಗಳೆಂದು ಎಣಿಕೆಗೆ ಬರುವುದುಂಟು. ಹೋಲಿಕೆಗೆ ಮುನ್ನ ‘ನಾರ್ಮಲೈಸ್’ ಎಂಬ ವಿಧಿಯಿಂದ ಏಕರೂಪಕ್ಕೆ ತಂದರೆ ಈ ಭ್ರಾಂತಿ ತೊಲಗುತ್ತದೆ.

ಇವೆಲ್ಲಕ್ಕಿಂತ ಗುರುತರವಾದದ್ದು ಖಾಲಿಮನೆಯ ಪ್ರಶ್ನೆ. ಮನೆಯಲ್ಲಿ ಏನನ್ನೂ ಬರೆಯದಿದ್ದಾಗ ‘ನಂಬರ್’ ಎಂಬ ಪರಿವರ್ತನವಿಧಿ ಅದಕ್ಕೆ 0 ಎಂಬ ಬೆಲೆಯನ್ನು ಕೊಡುತ್ತದೆ, ದೋಷಸೂಚನೆಯೂ ಬರುವುದಿಲ್ಲ. ಓಲೆಗಳನ್ನು ಇನ್ನೂ ಎಣಿಸದಿರುವುದು ಒಂದು ಸ್ಥಿತಿ. ಹುಳು ತಿಂದು ಎಣಿಸಲಾಗದಿರುವುದು ಇನ್ನೊಂದು. ಓಲೆಗಳೇ ಇಲ್ಲದಿರುವುದು ಮತ್ತೊಂದು. ಈ ಮೂರೂ ಶೂನ್ಯವೆಂಬ ಒಂದೇ ಉತ್ತರದಲ್ಲಿ ಲೀನವಾದರೆ, ಉಳಿದಿರುವ ಪ್ರತಿಯನ್ನು ಇಲ್ಲವೆಂದು ಸಾರಿದಂತಾಗುತ್ತದೆ. ತ್ರುಟಿತ ಸ್ಥಳವನ್ನು ಚುಕ್ಕೆಗಳಿಂದ ಸೂಚಿಸುವ ಸಂಪಾದಕನು ಅಲ್ಲಿ ಅಕ್ಷರವೇ ಇರಲಿಲ್ಲವೆಂದು ಹೇಳುವುದಿಲ್ಲ. ಆದ್ದರಿಂದ ‘ಎಣಿಸಿಲ್ಲ’, ‘ಎಣಿಸಲಾಗದು’ ಎಂಬವುಗಳನ್ನು ಮನೆಯಲ್ಲಿ ಪ್ರತ್ಯೇಕವಾಗಿ ನಮೂದಿಸಿ, ಪರಿವರ್ತನೆಗೆ ಮುನ್ನ ಅವನ್ನೂ ಖಾಲಿಮನೆಯನ್ನೂ ಬೇರ್ಪಡಿಸಬೇಕು.

ಕೊನೆಯದಾಗಿ, ಪರದೆಯ ಕೋಷ್ಠಕವು ಮೂಲವಲ್ಲ, ಮೂಲದ ಒಂದು ಪ್ರತಿ. ನೂರಾರು ನಮೂದುಗಳಿರುವ ಸೂಚಿಯಲ್ಲಿ ಒಂದು ಸಲಕ್ಕೆ ಕೆಲವೇ ಸಾಲುಗಳು ಪುಟಕ್ಕೆ ಬರಬಹುದು. ದೀರ್ಘವಾದ ಹೆಸರುಗಳನ್ನು ಮೊಟಕುಗೊಳಿಸಿರಬಹುದು. ಬಳಕೆದಾರನು ಸಾಲುಗಳನ್ನು ಅಕಾರಾದಿಯಾಗಿ ತಿರುಗಿಸಿರಬಹುದು. ಈ ಕಾರಣದಿಂದ ಪುಟದ ಸಾಲಿನಿಂದ ಗುರುತುಸಂಖ್ಯೆಯನ್ನಷ್ಟೇ ಪಡೆದು, ಬೆಲೆಯನ್ನು ದತ್ತಸಂಗ್ರಹದ ಮೂಲ ನಮೂದಿನಿಂದಲೇ ಓದುವುದು ಯುಕ್ತ. ಮೂಲ ಉಪಲಬ್ಧವಿಲ್ಲದಾಗ ಮಾತ್ರ ಪರದೆಯ ಪಾಠವನ್ನು ಆಶ್ರಯಿಸಬೇಕು; ಆಗಲೂ ಅದು ಎಲ್ಲಿಂದ ಬಂದುದೆಂಬ ಸೂಚನೆ ಜೊತೆಗಿರಬೇಕು. ಪ್ರತ್ಯಂತರ ದೊರೆಯದಾಗ ಏಕೈಕ ಪ್ರತಿಯನ್ನು ಆಧರಿಸುವ ಸಂಪಾದಕನು ಪೀಠಿಕೆಯಲ್ಲಿ ಅದನ್ನು ನಿವೇದಿಸುವಂತೆಯೇ ಇದು.