ಪಕ್ಕದಲ್ಲಿ ಕೂತವರ ವಿದ್ಯೆ

ಕರ್ನಾಟಕ ಸಂಗೀತದ ಕಛೇರಿಗೆ ಸಾಮಾನ್ಯವಾಗಿ ರಿಹರ್ಸಲ್ ಎಂಬುದಿಲ್ಲ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಿಂದ ನಡೆದು ಬಂದಿರುವ ರಾಮನವಮಿ ಕಛೇರಿಗಳಿರಲಿ, ಮೈಸೂರಿನ ಎಂಟನೇ ಕ್ರಾಸ್ ಗಣೇಶೋತ್ಸವವಿರಲಿ, ಹಾಡುವವರು, ಪಿಟೀಲಿನವರು, ಮೃದಂಗದವರು ಎಷ್ಟೋ ಸಲ ಮುಖಾಮುಖಿಯಾಗುವುದೇ ವೇದಿಕೆ ಹತ್ತುವುದಕ್ಕೆ ಸ್ವಲ್ಪ ಮೊದಲು. ಶ್ರುತಿ ಯಾವುದೆಂದು ವಿಚಾರಿಸಿಕೊಳ್ಳುತ್ತಾರೆ. ಪಲ್ಲವಿ ಇದ್ದರೆ ಅದರ ತಾಳವನ್ನು ಒಮ್ಮೆ ಹಾಕಿ ತೋರಿಸಿದರೆ ತೋರಿಸಿದರು, ಇಲ್ಲವಾದರೆ ಇಲ್ಲ. ಆಮೇಲೆ ಎರಡೂವರೆ ಗಂಟೆ ಹೊತ್ತು, ಮುಂದಿನ ಕೃತಿ ಯಾವುದೆಂದು ಒಬ್ಬರಿಗೆ ಮಾತ್ರ ಗೊತ್ತಿರುವ ಸ್ಥಿತಿಯಲ್ಲಿ, ಮೂರು ನಾಲ್ಕು ಮಂದಿ ಸೇರಿ ಒಂದೇ ಸಂಗೀತ ಕಟ್ಟುತ್ತಾರೆ. ಇದು ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಆಹ್ವಾನ ಪತ್ರಿಕೆಯಲ್ಲಿ ಗಾಯಕರ ಹೆಸರು ದಪ್ಪಕ್ಷರದಲ್ಲಿ ಮೆರೆದು, ಪಕ್ಕವಾದ್ಯದವರ ಹೆಸರು ಕನ್ನಡಕ ಹುಡುಕುವಷ್ಟು ಸಣ್ಣಗೆ ಅಚ್ಚಾದರೂ ಯಾರೂ ಹುಬ್ಬೇರಿಸುವುದಿಲ್ಲ. ಹಾಡುವುದಕ್ಕೆ ಕಲಿಯಬೇಕು, ಪಕ್ಕದಲ್ಲಿ ನುಡಿಸುವುದು ವಾದ್ಯ ಕೈಗೆ ಬಂದ ಮೇಲೆ ತಾನಾಗಿ ಬರುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಆ ನಂಬಿಕೆ ತಪ್ಪು. ಪಕ್ಕವಾದ್ಯಕ್ಕೆ ಅದರದ್ದೇ ಶಿಕ್ಷಣ ಬೇಕು. ಒಂದು ಕಾಲಕ್ಕೆ ಅದು ಕಛೇರಿಯ ಆಸುಪಾಸಿನಲ್ಲೇ ದಕ್ಕುತ್ತಿತ್ತು. ಈಗ ಆ ದಾರಿಗಳು ಕಿರಿದಾಗುತ್ತಿವೆ.

ಪಿಟೀಲು ವಾದಕರ ಕೆಲಸವನ್ನೇ ನೋಡಿ. ಆಲಾಪನೆ ಶುರುವಾದಾಗ ಹಾಡುವವರು ರಾಗದ ಹೆಸರು ಹೇಳುವುದಿಲ್ಲ. ದರ್ಬಾರೋ ನಾಯಕಿಯೋ, ಭೈರವಿಯೋ ಮಾಂಜಿಯೋ ಎಂಬುದು ಮೊದಲ ಒಂದೆರಡು ಸಂಚಾರಗಳಲ್ಲೇ ಹೊಳೆಯಬೇಕು. ಹೊಳೆಯುವವರೆಗೆ ತಪ್ಪು ಸ್ವರ ಬೀಳದಂತೆ, ಮೌನವೂ ಆಗದಂತೆ ನುಡಿಸುತ್ತಿರಬೇಕು. ಹಾಡುವವರ ಉಸಿರಿಗಿಂತ ಅರ್ಧ ಉಸಿರು ಹಿಂದೆ ಕಮಾನು ಓಡಬೇಕು. ಅವರು ನಿಂತಲ್ಲಿ ಆ ಸ್ವರವನ್ನು ಎತ್ತಿ ಹಿಡಿಯಬೇಕು. ತನ್ನ ಸರದಿ ಬಂದಾಗ ಅದೇ ರಾಗವನ್ನು ಗಾಯಕರಿಗಿಂತ ಚಿಕ್ಕದಾಗಿ, ಆದರೆ ಅವರದೇ ಪಡಿಯಚ್ಚಾಗದಂತೆ ಬೆಳೆಸಬೇಕು. ಕೃತಿಯದು ಇನ್ನೊಂದು ತೊಡಕು. ಒಂದೇ ಕೀರ್ತನೆಗೆ ಒಂದೊಂದು ಪರಂಪರೆಯಲ್ಲಿ ಒಂದೊಂದು ಪಾಠಾಂತರವಿರುತ್ತದೆ, ಸಂಗತಿಗಳ ಸಂಖ್ಯೆ, ಕ್ರಮ ಎರಡೂ ಬೇರೆ. ತಾನು ಕಲಿತದ್ದನ್ನು ಮರೆತು, ಪಕ್ಕದವರು ಕಲಿತದ್ದನ್ನು ಅದೇ ಕ್ಷಣದಲ್ಲಿ ಕಲಿಯುತ್ತ ನುಡಿಸುವುದು ಇಲ್ಲಿ ನಿತ್ಯದ ಅಗತ್ಯ. ನೆರವಲಿನಲ್ಲೂ ಕಲ್ಪನಾಸ್ವರದಲ್ಲೂ ಪ್ರಶ್ನೆ ಎಸೆಯುವುದು ಒಬ್ಬರು, ಅಷ್ಟೇ ಆವರ್ತನದೊಳಗೆ ಉತ್ತರಿಸಿ ಎಡುಪಿಗೆ, ಅಂದರೆ ಸಾಲು ಎತ್ತಿಕೊಂಡ ಜಾಗಕ್ಕೆ, ಸರಿಯಾಗಿ ಬಂದು ಕೂರುವ ಹೊಣೆ ಮತ್ತೊಬ್ಬರದು. ಒಂಟಿಯಾಗಿ ಎಷ್ಟೇ ಸೊಗಸಾಗಿ ನುಡಿಸಬಲ್ಲವರೂ ಇಲ್ಲಿ ತಡವರಿಸುವುದುಂಟು, ಏಕೆಂದರೆ ಇದರಲ್ಲಿ ಕೈಗಿಂತ ಮೊದಲು ಪಳಗಬೇಕಾದದ್ದು ಕಿವಿ.

ಮೃದಂಗದವರ ಹೊರೆ ಬೇರೆ ಬಗೆಯದು. ಹೆಂಗಸರ ಶ್ರುತಿ ಸಾಮಾನ್ಯವಾಗಿ ಐದು ಮನೆಯ ಆಸುಪಾಸು, ಗಂಡಸರದು ಒಂದೆರಡು ಮನೆ. ಹಾಗಾಗಿ ಹೆಚ್ಚು ಶ್ರುತಿಗೊಂದು, ತಗ್ಗು ಶ್ರುತಿಗೊಂದು ಎಂದು ಕನಿಷ್ಠ ಎರಡು ಮೃದಂಗ ಇಟ್ಟುಕೊಳ್ಳಲೇಬೇಕು. ಘಟವನ್ನಂತೂ ಬಿಗಿ ಮಾಡಿ ಸಡಿಲಿಸಿ ಶ್ರುತಿಗೆ ತರುವ ಹಾಗಿಲ್ಲ. ಶ್ರುತಿಗೊಂದು ಮಡಕೆ ಹೊತ್ತುಕೊಂಡು ರೈಲು ಹತ್ತಬೇಕು. ಇದು ಬಂಡವಾಳದ ಮಾತಾಯಿತು. ವಿದ್ಯೆಯ ಮಾತಿಗೆ ಬಂದರೆ, ಹಿಂದೂಸ್ತಾನಿ ಖಯಾಲಿನಲ್ಲಿ ತಬಲಾದವರು ಠೇಕಾ ಕಾಯುತ್ತಾರೆ. ವಿಲಂಬಿತ ಏಕತಾಳದ 12 ಮಾತ್ರೆಗಳನ್ನು ಅಲುಗದಂತೆ ಹಿಡಿದು ಕೂರುವುದೇ ಅಲ್ಲಿ ದೊಡ್ಡ ಸಂಯಮ. ನಮ್ಮ ಮೃದಂಗಕ್ಕೆ ಅಂಥ ಕಟ್ಟುನಿಟ್ಟಿನ ಠೇಕಾ ಇಲ್ಲ. ಅದು ಸಾಹಿತ್ಯದ ಏರಿಳಿತವನ್ನೇ ಅನುಸರಿಸಿ ಹೋಗುತ್ತದೆ; ಪಲ್ಲವಿಗೆ ಒಂದು ನಡೆ, ಅನುಪಲ್ಲವಿಗೆ ಇನ್ನೊಂದು, ಸಂಗತಿ ತುಂಬುತ್ತ ಹೋದಂತೆ ಮತ್ತೊಂದು. ಎಲ್ಲಿ ಎಡಗೈಯ ಗುಮ್ಕಿ ಬೇಕು, ಎಲ್ಲಿ ಕೈ ಎತ್ತಿ ಸುಮ್ಮನಿರಬೇಕು ಎಂಬುದನ್ನು ಯಾವ ಪಾಠಪುಸ್ತಕವೂ ಬರೆದಿಟ್ಟಿಲ್ಲ. ತಾಳವಾದ್ಯದವರಷ್ಟೇ ನುಡಿಸುವ ತನಿ ಆವರ್ತನದ ಮೋಹರ, ಕೋರ್ವೆಗಳನ್ನು ಬಾಯಿಪಾಠ ಮಾಡಬಹುದು, ಲೆಕ್ಕ ಹಾಕಿ ಕೂಡಿಸಬಹುದು. ಒಂದು ಪುರಂದರದಾಸರ ಪದಕ್ಕೆ ಎಷ್ಟು ಕಡಿಮೆ ನುಡಿಸಿದರೆ ಸಾಕು ಎಂಬ ಅಂದಾಜು ಮಾತ್ರ ಹತ್ತಾರು ಗಾಯಕರ ಪಕ್ಕದಲ್ಲಿ ಕೂತು, ಒಂದೆರಡು ಬಾರಿ ಅವರ ಓರೆನೋಟಕ್ಕೆ ಗುರಿಯಾದ ಮೇಲೆಯೇ ಬರುವುದು.

ಹಿಂದಿನವರು ಇದನ್ನು ಹೇಗೆ ಕಲಿತರು? ಪಿಟೀಲು ನಮ್ಮ ಸಂಗೀತಕ್ಕೆ ಬಂದದ್ದೇ ಸುಮಾರು ಇನ್ನೂರು ವರ್ಷಗಳ ಹಿಂದೆ, ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರಂಥವರ ಕೈಯಿಂದ. ಅಷ್ಟು ಬೇಗ ಅದು ಕಛೇರಿಯ ಬಿಡಿಸಲಾಗದ ಅಂಗವಾದದ್ದಕ್ಕೆ ಕಾರಣ, ಅದನ್ನು ಹಿಡಿದವರು ಹಾಡಿಕೆಯನ್ನೇ ಅದರ ಮೇಲೆ ಕಲಿತದ್ದು. ತಿರುಮಕೂಡಲು ಚೌಡಯ್ಯನವರು ಇದಕ್ಕೆ ನಮ್ಮ ನಾಡಿನ ಅತ್ಯುತ್ತಮ ಸಾಕ್ಷಿ. 1895ರಲ್ಲಿ ಹುಟ್ಟಿದ ಅವರು ಮೈಸೂರಿನಲ್ಲಿ ಗುರುಕುಲವಾಸ ಮಾಡಿದ್ದು ಬಿಡಾರಂ ಕೃಷ್ಣಪ್ಪನವರ ಬಳಿ. ಕೃಷ್ಣಪ್ಪನವರು ಹೆಸರಾಂತ ಗಾಯಕರು. ಗಾಯಕರೇ ಗುರುವಾದ್ದರಿಂದ ಹಾಡುವವರ ಮನಸ್ಸು ಹೇಗೆ ಓಡುತ್ತದೆಂಬುದು ಚೌಡಯ್ಯನವರಿಗೆ ಕಲಿಕೆಯ ದಿನಗಳಿಂದಲೇ ಗೊತ್ತಿತ್ತು. ಮೈಕು ಇಲ್ಲದ ಕಾಲದಲ್ಲಿ, ಚೆಂಬೈ ವೈದ್ಯನಾಥ ಭಾಗವತರಂಥ ಗಟ್ಟಿ ಕಂಠದ ಪಕ್ಕದಲ್ಲಿ ನಾಲ್ಕು ತಂತಿಯ ನಾದ ಹಿಂದಿನ ಸಾಲಿಗೆ ತಲುಪದೆಂದು ಅವರು ಏಳು ತಂತಿಯ ಪಿಟೀಲು ರೂಪಿಸಿಕೊಂಡರು. ವಾದ್ಯದ ರಚನೆಯನ್ನೇ ಬದಲಿಸಿದ ಈ ಪ್ರಯೋಗ ಹುಟ್ಟಿದ್ದು ಪಕ್ಕವಾದ್ಯದ ಒತ್ತಡದಲ್ಲಿ ಎಂಬುದನ್ನು ಗಮನಿಸಬೇಕು. ಚೆಂಬೈಯವರ ಪಕ್ಕದಲ್ಲೇ ಕೂತು ಮದರಾಸಿನ ರಸಿಕರಿಗೆ ಪರಿಚಯವಾದವರು ಮೃದಂಗದ ಪಾಲ್ಘಾಟ್ ಮಣಿ ಅಯ್ಯರ್, ಆಗ ಇನ್ನೂ ಹುಡುಗ. ಪಿಟೀಲಿನ ಲಾಲ್ಗುಡಿ ಜಯರಾಮನ್ ಕೂಡ ಹನ್ನೆರಡರ ಹರೆಯದಲ್ಲೇ ಪಕ್ಕವಾದ್ಯದ ಮೂಲಕ ವೇದಿಕೆಗೆ ಬಂದವರು. ಮುಂದೆ ಅವರ ಒಂಟಿ ವಾದನದಲ್ಲಿ ಕೇಳಿಬಂದ ಹಾಡುಗಾರಿಕೆಯ ಗುಣ ಆ ವರ್ಷಗಳ ಗಳಿಕೆ.

ಅಂಥ ಕಲಿಕೆಗೆ ಸಣ್ಣ ಸಣ್ಣ ಆಸರೆಗಳಿದ್ದವು. ಗುರುವಿನ ಹಿಂದೆ ತಂಬೂರಿ ಹಿಡಿದು ಕೂರುವುದು ಅದರಲ್ಲಿ ಮೊದಲನೆಯದು. ಶಿಷ್ಯನಿಗೆ ಆ ಜಾಗದಿಂದ ಗಾಯಕರ ಬೆನ್ನು, ಪಿಟೀಲಿನವರ ಕಣ್ಣು, ಮೃದಂಗದವರ ಕೈ ಮೂರೂ ಕಾಣುತ್ತಿದ್ದವು. ಕಛೇರಿ ಒಳಗಿನಿಂದ ಹೇಗೆ ನಡೆಯುತ್ತದೆಂಬ ಪಾಠ ಅಲ್ಲಿ ಪುಕ್ಕಟೆ. ಆ ಜಾಗವನ್ನು ಈಗ ಬಹುಮಟ್ಟಿಗೆ ಎಲೆಕ್ಟ್ರಾನಿಕ್ ತಂಬೂರಿ ಆಕ್ರಮಿಸಿದೆ. ಅದನ್ನು ಮನೆಮಾತು ಮಾಡಿದ್ದು ಬೆಂಗಳೂರಿನ ರೇಡೆಲ್ ಸಂಸ್ಥೆ. ಯಂತ್ರ ಮಾಡಿದ ಉಪಕಾರ ದೊಡ್ಡದು, ಮನೆಯ ಸಾಧನೆಗೆ ಅದಿಲ್ಲದೆ ಆಗದು. ಆದರೆ ವೇದಿಕೆಯ ಮೇಲೆ ಅದು ಕಸಿದುಕೊಂಡದ್ದು ಒಬ್ಬ ವಿದ್ಯಾರ್ಥಿಯ ಆಸನ. ಎರಡನೆಯ ಆಸರೆ ಆಕಾಶವಾಣಿ. ಮೈಸೂರು, ಬೆಂಗಳೂರು, ಧಾರವಾಡ ಕೇಂದ್ರಗಳ ನಿಲಯ ಕಲಾವಿದರಾಗಿ ಪಿಟೀಲು, ಮೃದಂಗ, ತಬಲಾ ವಾದಕರು ಸಂಬಳ ಪಡೆದರು. ಅದಕ್ಕಿಂತ ಮಿಗಿಲಾಗಿ, ಸ್ಟುಡಿಯೋಗೆ ಬಂದ ಬಗೆಬಗೆಯ ಗಾಯಕರಿಗೆಲ್ಲ ನುಡಿಸಿ ಪಳಗಿದರು. ಆ ಹುದ್ದೆಗಳು ಇಂದು ವಿರಳ. ಉಳಿದದ್ದು ಪರೀಕ್ಷೆ. ಜೂನಿಯರ್, ಸೀನಿಯರ್, ವಿದ್ವತ್ ಮೆಟ್ಟಿಲುಗಳಲ್ಲಿ ಅಭ್ಯರ್ಥಿಯನ್ನು ಮುಖ್ಯವಾಗಿ ಅಳೆಯುವುದು ತಾನು ಕಲಿತು ತಂದದ್ದನ್ನು ತಾನೇ ನುಡಿಸುವ ಶಕ್ತಿಯಿಂದ. ಇನ್ನೊಬ್ಬರು ಆ ಕ್ಷಣ ಹುಟ್ಟಿಸಿದ್ದಕ್ಕೆ ಜೊತೆಯಾಗುವ ಶಕ್ತಿಗೆ ಅಂಕಪಟ್ಟಿಯಲ್ಲಿ ಜಾಗ ಕಡಿಮೆ.

ಬೇರೆ ದಾರಿಯೇ ಇಲ್ಲವೆಂದೇನಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೋಡಿದರೆ ಸಾಕು. ಪಂಚಾಕ್ಷರಿ ಗವಾಯಿಗಳು ಕಟ್ಟಿದ, ಪುಟ್ಟರಾಜ ಗವಾಯಿಗಳು ಬೆಳೆಸಿದ ಆ ಆಶ್ರಮದಲ್ಲಿ ಅಂಧರೂ ಬಡವರೂ ಆದ ಮಕ್ಕಳು ಗಾಯನ, ತಬಲಾ, ಹಾರ್ಮೋನಿಯಂ, ಪಿಟೀಲುಗಳನ್ನು ಒಂದೇ ಸೂರಿನಡಿ ಕಲಿಯುತ್ತಾರೆ. ಹಾಡುವ ಹುಡುಗನಿಗೆ ನುಡಿಸುವ ಹುಡುಗ ಬೆಳಗಿನಿಂದ ರಾತ್ರಿಯವರೆಗೂ ಜೊತೆಗಾರ. ಕಣ್ಸನ್ನೆಗೆ ಅವಕಾಶವೇ ಇಲ್ಲದ ಕಡೆ ಕಿವಿ ಎಷ್ಟು ಚುರುಕಾಗಬೇಕೆಂದು ಬೇರೆ ಹೇಳಬೇಕಿಲ್ಲ. ಹುಬ್ಬಳ್ಳಿಯ ಗಾಯಕಿ ಗಂಗೂಬಾಯಿ ಹಾನಗಲ್ಲರಿಗೆ ತಮ್ಮ ಶೇಷಗಿರಿ ಹಾನಗಲ್ಲರ ತಬಲಾ, ಮಗಳು ಕೃಷ್ಣಾ ಅವರ ಸಹಗಾಯನ ಮನೆಯೊಳಗೇ ಸಿಕ್ಕಿತ್ತು. ಆಶ್ರಮವಾಗಲಿ ಮನೆಯಾಗಲಿ, ಅಲ್ಲಿ ಪಕ್ಕವಾದ್ಯ ಕೊನೆಗೆ ಅಂಟಿಸುವ ವಿಷಯವಾಗಿರದೆ, ಮೊದಲ ದಿನದಿಂದಲೇ ಕಲಿಕೆಯ ಭಾಗವಾಗಿತ್ತು.

ಪಕ್ಕವಾದ್ಯಕ್ಕೆ ಅದರದ್ದೇ ಶಿಕ್ಷಣ, ಮನ್ನಣೆ ಬೇಕೆಂಬ ಮಾತಿಗೆ ಆಕ್ಷೇಪಗಳಿವೆ. ಜನ ಟಿಕೆಟ್ ಕೊಳ್ಳುವುದು ಗಾಯಕರ ಹೆಸರಿಗೆ, ಕಛೇರಿ ಕೆಟ್ಟರೆ ಬೈಗುಳವೂ ಅವರಿಗೇ, ಹಾಗಿರುವಾಗ ಸಂಭಾವನೆಯಲ್ಲೂ ಮನ್ನಣೆಯಲ್ಲೂ ಅಂತರವಿದ್ದರೆ ತಪ್ಪೇನು ಎನ್ನುತ್ತಾರೆ ಸಂಘಟಕರು. ಅಂತರ ಇರಲಿ, ಅದರ ಬಗ್ಗೆ ತಕರಾರಿಲ್ಲ. ಆದರೆ ವೇದಿಕೆಯಲ್ಲಿ ಗಾಯಕರ ಹಿಂದೆ ಕೂರುವ ಘಟ, ಖಂಜಿರ, ಮೋರ್ಸಿಂಗ್‌ಗಳ ಉಪಪಕ್ಕವಾದ್ಯದವರಿಗೆ ಸಿಗುವ ಮೊತ್ತ ಎಷ್ಟೋ ಸಲ ಪ್ರಯಾಣಕ್ಕೂ ವಾದ್ಯದ ದುರಸ್ತಿಗೂ ಸರಿಹೋಗುತ್ತದೆ. ಅದನ್ನೇ ನಂಬಿ ಬದುಕುವ ಹಾಗಿಲ್ಲವಾದರೆ ಆ ವಿದ್ಯೆ ಬೇರೆ ಉದ್ಯೋಗವಿರುವವರ ಸಂಜೆಯ ಹವ್ಯಾಸವಾಗುತ್ತದೆ. ಹತ್ತಾರು ಗಾಯಕರ ಪಕ್ಕದಲ್ಲಿ ಕೂತು ಪಳಗುವಷ್ಟು ಬಿಡುವು ಅವರಿಗೆಲ್ಲಿ? ಎರಡನೆಯ ಆಕ್ಷೇಪ, ಈಗ ಯೂಟ್ಯೂಬಿನಲ್ಲಿ ಎಲ್ಲ ಪಾಠಾಂತರಗಳೂ ಸಿಗುತ್ತವೆ, ಗಾಯಕರು ಪಟ್ಟಿಯನ್ನು ವಾಟ್ಸಾಪ್ ಮಾಡುತ್ತಾರೆ, ಇನ್ನೇಕೆ ಈ ಗೋಳು ಎಂಬುದು. ಕೃತಿಗಳ ಮಟ್ಟಿಗೆ ಇದು ನಿಜವಾದ ಸಹಾಯ. ಆದರೆ ಧ್ವನಿಮುದ್ರಣ ಪ್ರತಿ ಸಲವೂ ಒಂದೇ ಹಾಡನ್ನು ಹಾಡುತ್ತದೆ, ಕೇಳುಗನ ತಪ್ಪಿಗೆ ತಿರುಗಿ ನೋಡುವುದಿಲ್ಲ. ಆ ಕ್ಷಣದಲ್ಲೇ ಹುಟ್ಟುವ ಮನೋಧರ್ಮಕ್ಕೆ ಜೊತೆಯಾಗುವುದನ್ನು ಅದರಿಂದ ಕಲಿಯಲಾಗದು. ಮೂರನೆಯದು ರಸಿಕರದೇ ದೂರು: ಪಕ್ಕವಾದ್ಯದವರನ್ನು ಏರಿಸಿದರೆ ಗದ್ದಲ ಹೆಚ್ಚುತ್ತದೆ, ಈಗಾಗಲೇ ಮೃದಂಗದ ಮೈಕು ಗಾಯಕರನ್ನು ನುಂಗುತ್ತಿದೆ. ಗದ್ದಲ ಇರುವುದು ಸುಳ್ಳಲ್ಲ. ಅದು ಗೌರವ ಹೆಚ್ಚಾದ್ದರಿಂದ ಬಂದದ್ದಲ್ಲ ಎಂಬುದಷ್ಟೇ ಉತ್ತರ. ತನಿ ಆವರ್ತನದ ಹತ್ತು ನಿಮಿಷ ಬಿಟ್ಟರೆ ತನ್ನ ವಿದ್ಯೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ತಿಳಿದ ಕಲಾವಿದ ಆ ಹತ್ತು ನಿಮಿಷದಲ್ಲಿ ಅಬ್ಬರಿಸದೆ ಇನ್ನೇನು ಮಾಡಿಯಾನು?

ಯಾರು ಯಾರ ಪಕ್ಕದಲ್ಲಿ ಕೂರಬಹುದು ಎಂಬ ಪ್ರಶ್ನೆಯಲ್ಲೂ ಈ ರಂಗ ತನ್ನ ಕಲಿಕೆಯನ್ನು ತಾನೇ ಕುಗ್ಗಿಸಿಕೊಂಡಿದೆ. ಹೆಸರಾಂತ ಮೃದಂಗ ವಿದ್ವಾಂಸರು ಹೆಂಗಸರಿಗೆ ನುಡಿಸಲು ಒಲ್ಲೆನ್ನುತ್ತಿದ್ದ ಕಾಲವೊಂದಿತ್ತು. ಮಣಿ ಅಯ್ಯರರೇ ಬಹುಕಾಲ ಹಾಗಿದ್ದು, ಆಮೇಲೆ ಗಾಯಕಿ ಡಿ.ಕೆ. ಪಟ್ಟಮ್ಮಾಳರಿಗೆ ನುಡಿಸಿದರು. ಹೆಂಗಸರೇ ಪಕ್ಕವಾದ್ಯ ಹಿಡಿದಾಗ ಅಡ್ಡಿ ಇನ್ನೂ ಹೆಚ್ಚು. ಗಾಯಕಿ ಎಂ.ಎಲ್. ವಸಂತಕುಮಾರಿಯವರ ಪಕ್ಕದಲ್ಲಿ ವರ್ಷಗಟ್ಟಲೆ ಪಿಟೀಲು ನುಡಿಸಿದ ಎ. ಕನ್ಯಾಕುಮಾರಿ ಅವರಿಗೆ ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಪ್ರಶಸ್ತಿ ಸಿಕ್ಕಿದ್ದು 2016ರಲ್ಲಿ. ಬೆಂಗಳೂರಿನಲ್ಲಿ ನೆಲೆಸಿರುವ ಸುಕನ್ಯಾ ರಾಮಗೋಪಾಲ್ ವಿಕ್ಕು ವಿನಾಯಕರಾಂ ಅವರಲ್ಲಿ ಘಟ ಕಲಿತು, ಕಛೇರಿಗಳಲ್ಲಿ ಅವಕಾಶ ಸುಲಭಕ್ಕೆ ಸಿಗದೆ ಇದ್ದಾಗ ಹಲವು ಘಟಗಳನ್ನು ಜೋಡಿಸಿ ನುಡಿಸುವ ಘಟತರಂಗವನ್ನು ರೂಪಿಸಿ, ಮಹಿಳೆಯರದೇ ತಾಳವಾದ್ಯ ತಂಡ ಕಟ್ಟಿದರು. ಅದು ಅವರ ಗೆಲುವು ನಿಜ. ಅಂಥ ಲಯಜ್ಞಾನ ಎಷ್ಟೋ ಗಾಯಕರ ಪಕ್ಕಕ್ಕೆ ಬರಲಾಗದೆ ಹೋಯಿತು ಎಂಬುದು ಕಛೇರಿಯ ನಷ್ಟ.

ಬೆಂಗಳೂರಿನ ಮಲ್ಲೇಶ್ವರದಲ್ಲಿ ಪಿಟೀಲಿನ ಆಕಾರದಲ್ಲೇ ಎದ್ದಿರುವ ಸಭಾಂಗಣ ಚೌಡಯ್ಯನವರ ಹೆಸರಿನದು. ಬದುಕಿನ ಬಹುಪಾಲು ಕಛೇರಿಗಳಲ್ಲಿ ಪಕ್ಕದಲ್ಲಿ ಕೂತ ಕಲಾವಿದರೊಬ್ಬರಿಗೆ ಇಷ್ಟು ದೊಡ್ಡ ಸ್ಮಾರಕ ಕಟ್ಟಿದ ಊರಿಗೆ, ಆ ವಿದ್ಯೆಯನ್ನು ಕಲಿಸುವ ಏರ್ಪಾಟು ಮಾಡುವುದು ಅಸಾಧ್ಯವೇನಲ್ಲ. ವಿದ್ವತ್ ಪರೀಕ್ಷೆಗೆ ಕೂರುವ ಪಿಟೀಲು, ಮೃದಂಗದ ಅಭ್ಯರ್ಥಿಯನ್ನು ಗುರುತೇ ಇಲ್ಲದ ಗಾಯಕರೊಬ್ಬರ ಪಕ್ಕದಲ್ಲಿ ಒಂದು ಗಂಟೆ ಕೂರಿಸಿ ಅಂಕ ಕೊಡಲಿ. ಹಾಡುವ ವಿದ್ಯಾರ್ಥಿಗೂ ಅದೇ ಕೊಠಡಿಯಲ್ಲಿ ಪಕ್ಕವಾದ್ಯದವರನ್ನು ನಡೆಸಿಕೊಳ್ಳುವ ಪರೀಕ್ಷೆ ಆಗಲಿ. ಸಭಾಗಳು ತಂಬೂರಿಗೆ ಒಬ್ಬ ವಿದ್ಯಾರ್ಥಿಯನ್ನು ಕರೆಯಲಿ, ಅವರಿಗೆ ಬಸ್ಸಿನ ಖರ್ಚು ಕೊಡಲಿ. ಎಲ್ಲ ಕಲಾವಿದರ ಹೆಸರನ್ನೂ ಒಂದೇ ಅಳತೆಯ ಅಕ್ಷರದಲ್ಲಿ ಅಚ್ಚು ಹಾಕಿಸುವುದಕ್ಕಂತೂ ಒಂದು ಪೈಸೆ ಹೆಚ್ಚಿಗೆ ತಗಲುವುದಿಲ್ಲ. ತನಿ ಆವರ್ತನ ಶುರುವಾದೊಡನೆ ಕ್ಯಾಂಟೀನಿನ ಕಡೆ ಏಳುವ ಓದುಗರಿಗೂ ಒಂದು ಮಾತು: ಇಡ್ಲಿ ಆಮೇಲೂ ಸಿಗುತ್ತದೆ, ದಯವಿಟ್ಟು ಕೂತಿರಿ.