ವಿದ್ಯುತ್ ಗಿಟಾರಿನ ಹನ್ನೆರಡು ಮೀಟುಗಳು

ರಾಕ್ ಸಂಗೀತವೆಂದರೆ ಬರಿಯ ಗದ್ದಲವೆಂದು ಕಿವಿ ಮುಚ್ಚಿಕೊಳ್ಳುವವರು ನಮ್ಮಲ್ಲಿ ಇನ್ನೂ ಉಂಟು. ಅಂಥವರ ಮನೆಯಲ್ಲಿಯೇ ಮಗನೋ ಮಗಳೋ ವಿದ್ಯುತ್ ಗಿಟಾರನ್ನು ತಂದು, ಒಂದೇ ತುಣುಕನ್ನು ಬೆಳಗಿನಿಂದ ಬೈಗಿನವರೆಗೆ ನುಡಿಸತೊಡಗಿದರೆ ಹಿರಿಯರ ಪಾಡು ಹೇಳತೀರದು. ಆ ತುಣುಕಿಗೆ ‘ರಿಫ್’ ಎಂದು ಹೆಸರು. ಹಾಡಿನಲ್ಲಿ ಮರಳಿ ಮರಳಿ ಬರುವ ಚಿಕ್ಕ ಸ್ವರಗುಚ್ಛವದು. ನಮ್ಮ ಪಲ್ಲವಿಯಂತೆ ಎನ್ನಬಹುದಾದರೂ ಹೋಲಿಕೆ ಪೂರ್ಣವಲ್ಲ. ಪಲ್ಲವಿ ಸಂಗತಿಗಳಿಂದ ಬೆಳೆಯುತ್ತದೆ. ರಿಫ್ ಹಟ ಹಿಡಿದು ನಿಲ್ಲುತ್ತದೆ.

ಈ ವಾದ್ಯದ ಗುಟ್ಟು ರೇಡಿಯೋ ಇರುವ ಮನೆಯವರಿಗೆ ಅಪರಿಚಿತವಲ್ಲ. ಉಕ್ಕಿನ ತಂತಿಗಳ ಕೆಳಗೆ ತಾಮ್ರದ ಸುರುಳಿ ಸುತ್ತಿದ ಅಯಸ್ಕಾಂತಗಳಿರುತ್ತವೆ. ತಂತಿ ಮಿಡಿದಾಗ ಸುರುಳಿಯಲ್ಲಿ ಕ್ಷೀಣವಾದ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಆಂಪ್ಲಿಫೈಯರ್ ಹಿಗ್ಗಿಸಿ ಧ್ವನಿವರ್ಧಕಕ್ಕೆ ಕೊಡುತ್ತದೆ. ರೇಡಿಯೋವನ್ನು ಅಳತೆ ಮೀರಿ ಜೋರು ಮಾಡಿದರೆ ಧ್ವನಿ ಒಡೆದು ಬರುವುದಿಲ್ಲವೇ? ನಾವು ದೋಷವೆನ್ನುವ ಆ ಒಡಕೇ ರಾಕ್ ವಾದಕರಿಗೆ ಅಲಂಕಾರವಾಯಿತು. 1964ರಲ್ಲಿ ‘ಕಿಂಕ್ಸ್’ ತಂಡದ ಡೇವ್ ಡೇವಿಸ್ ಅದಕ್ಕಾಗಿಯೇ ತನ್ನ ಧ್ವನಿವರ್ಧಕದ ಕಾಗದವನ್ನು ಬ್ಲೇಡಿನಿಂದ ಸೀಳಿದ!

ಕಲಿಯುವವರು ಸಾಮಾನ್ಯವಾಗಿ ಮೊದಲು ಕೈಹಾಕುವುದು ‘ಡೀಪ್ ಪರ್ಪಲ್’ ತಂಡದ ‘ಸ್ಮೋಕ್ ಆನ್ ದ ವಾಟರ್’ ಹಾಡಿಗೆ. 1971ರ ಡಿಸೆಂಬರ್ 4ರಂದು ಸ್ವಿಟ್ಜರ್ಲೆಂಡಿನ ಮಾಂಟ್ರೋ ಊರಿನಲ್ಲಿ, ಫ್ರಾಂಕ್ ಜಾಪಾ ಅವರ ಕಚೇರಿ ನಡೆಯುತ್ತಿದ್ದಾಗ ಯಾರೋ ಹಾರಿಸಿದ ಬೆಂಕಿಕಿಡಿಯಿಂದ ಕ್ಯಾಸಿನೋ ಕಟ್ಟಡ ಸುಟ್ಟುಹೋಯಿತು. ಅಲ್ಲಿಯೇ ಧ್ವನಿಮುದ್ರಣ ಮಾಡಲೆಂದು ಬಂದಿದ್ದ ಡೀಪ್ ಪರ್ಪಲ್ ತಂಡದವರು ಜಿನೀವಾ ಸರೋವರದ ಮೇಲೆ ಹೊಗೆ ಹರಡುವುದನ್ನು ಕಂಡರು. ಆ ಹೊಗೆಯೇ ಹಾಡಾಗಿ, 1972ರಲ್ಲಿ ಹೊರಬಂತು. ರಿಫ್ ರಿಚಿ ಬ್ಲ್ಯಾಕ್‌ಮೋರ್ ಅವರದು.

ವೀಣೆ ಬಲ್ಲವರಿಗೆ ಇದು ಸುಲಭವಾಗಿ ತಿಳಿದೀತು. ಎರಡು ವಾದ್ಯಗಳಲ್ಲೂ ಸ್ಥಾಯಿಗೆ ಹನ್ನೆರಡು ಮೆಟ್ಟಿಲು. ಗಿಟಾರಿನ ಮೂರನೆಯ, ನಾಲ್ಕನೆಯ ತಂತಿಗಳನ್ನು ಒಟ್ಟಿಗೆ ಮೀಟಬೇಕು. ಮೂರನೆಯದನ್ನು ಷಡ್ಜವೆಂದುಕೊಂಡರೆ ನಾಲ್ಕನೆಯದು ಮಂದ್ರ ಪಂಚಮ. ಏನನ್ನೂ ಒತ್ತದ ತಂತಿ, ಮೂರನೆಯ ಮೆಟ್ಟಿಲು, ಐದನೆಯದು, ಆರನೆಯದು, ಇಷ್ಟೇ ಸ್ಥಾನಗಳು. ಕಡೆಯ ಎರಡರಲ್ಲಿ ಶುದ್ಧ ಮಧ್ಯಮ, ಪ್ರತಿಮಧ್ಯಮಗಳು ಒಂದರ ಪಕ್ಕ ಒಂದು ಕುಳಿತಿವೆ. ಒಂದು ಸುತ್ತಿಗೆ ಮೀಟುಗಳು ಹನ್ನೆರಡು: ಮೊದಲು ಮೂರು, ಆಮೇಲೆ ನಾಲ್ಕು, ಕೊನೆಗೆ ಐದು. ಬ್ಲ್ಯಾಕ್‌ಮೋರ್ ಇದನ್ನು ಬೆರಳುಗಳಿಂದಲೇ ಎಳೆದು ನುಡಿಸುತ್ತಾರೆ. ಎರಡು ಸ್ವರಗಳೂ ಒಂದೇ ಕ್ಷಣಕ್ಕೆ ಏಳುವುದು ಅದರಿಂದಲೇ.

ನನ್ನ ಸೋದರಳಿಯ ಒಂದೇ ಸಂಜೆಯಲ್ಲಿ ಸ್ಥಾನಗಳನ್ನೆಲ್ಲ ಹಿಡಿದ. ಆದರೆ ಧ್ವನಿಮುದ್ರಿಕೆಯ ಜೊತೆ ಕುಳಿತರೆ ಪ್ರತಿ ಸಲವೂ ಜಾರುತ್ತಿದ್ದ. ಮೂರನೆಯ ವಾರಕ್ಕೆ ಗಿಟಾರು ಗೋಡೆಯ ಮೊಳೆ ಸೇರಿತು. “ಸ್ವರ ಸರಿಯಾಗಿಯೇ ಇದೆಯಲ್ಲ ಮಾವ, ಮತ್ತೇಕೆ ಹೀಗೆ?” ಎಂದು ಕಣ್ಣಲ್ಲಿ ನೀರು ತಂದುಕೊಂಡ. ಸ್ವರ ಸರಿಯಾಗಿಯೇ ಇತ್ತು. ತಪ್ಪಿದ್ದುದು ನಾಲ್ಕನೆಯ ಮೀಟು. ಅದು ತಾಳದ ಪೆಟ್ಟಿನ ಮೇಲೆ ಬೀಳದೆ, ನಾಲ್ಕನೆಯ ಪೆಟ್ಟಾದ ಮೇಲೆ ಅರ್ಧಕ್ಕೆ ಬೀಳುತ್ತದೆ. ಅವನು ಅವಸರದಿಂದ ಪೆಟ್ಟಿಗೇ ಮೀಟುತ್ತಿದ್ದ. ವಾದ್ಯವನ್ನು ಕೆಳಗಿಡಿಸಿ, ಕೈಯಲ್ಲಿ ನಾಲ್ಕು ಪೆಟ್ಟಿನ ತಾಳ ಹಾಕಿಸಿ, ಬಾಯಲ್ಲಿ ರಿಫನ್ನು ಹಾಡಿಸಿದೆ. ಮೊದಲು ಅರ್ಧ ವೇಗದಲ್ಲಿ, ನಾಲ್ಕು ದಿನ. ಬಾಯಿಗೆ ಬಂದದ್ದು ಐದನೆಯ ದಿನ ಬೆರಳಿಗೂ ಬಂತು.

ಬೆರಳತುದಿಯ ನೋವಿಗೆ ಮಾತ್ರ ಇಂಥ ಉಪಾಯವಿಲ್ಲ. ಚರ್ಮ ಗಟ್ಟಿಯಾಗಲು ಕೆಲವು ವಾರ ಬೇಕು. ಹೊತ್ತಿಗೆ ಹದಿನೈದು ನಿಮಿಷದಂತೆ ದಿನಕ್ಕೆ ಎರಡು ಹೊತ್ತು ಸಾಕು. ನೆರೆಹೊರೆಯವರ ಮಾತು ಬೇರೆ. ಅವರಿಗಾಗಿ ಆಂಪ್ಲಿಫೈಯರಿನಲ್ಲಿ ಹೆಡ್‌ಫೋನ್ ಸಿಕ್ಕಿಸುವ ರಂಧ್ರವಿದೆಯೇ ಎಂದು ಕೊಳ್ಳುವಾಗಲೇ ನೋಡಿಕೊಳ್ಳಿ.