ದೂರದ ಯಂತ್ರಗಳ ಜೋಡಣೆ: ಶಿಷ್ಟಮಾನ ಎಷ್ಟು, ಮಾರ್ಪಾಡು ಎಷ್ಟು?

ತೈಲಬಾವಿ, ನೀರೆತ್ತುವ ಪಂಪು, ಡೀಸೆಲ್ ಜನರೇಟರು ಮೊದಲಾದವು ನಿಯಂತ್ರಣ ಕೊಠಡಿಯಿಂದ ಹತ್ತಾರು ಕಿಲೋಮೀಟರ್ ದೂರದಲ್ಲಿದ್ದರೂ ಅವುಗಳ ಉಷ್ಣತೆ, ಒತ್ತಡ, ವೇಗಗಳನ್ನು ಕುಳಿತಲ್ಲಿಯೇ ಅರಿಯುವ ಏರ್ಪಾಡಿಗೆ ‘ಸ್ಕಾಡಾ’ ಎಂದು ಹೆಸರು. ಕುವೈತಿನ ಖೈತಾನ್‌ನಲ್ಲಿ ನೆಲೆಸಿರುವ ನನಗೆ ಮರುಭೂಮಿಯ ಇಂಥ ಯಂತ್ರಗಳನ್ನು ಕೇಂದ್ರಕ್ಕೆ ಜೋಡಿಸುವುದೇ ಉದ್ಯೋಗ. ಎಲ್ಲ ಯಂತ್ರಗಳಿಗೂ ಒಪ್ಪುವ ಶಿಷ್ಟಮಾನ ಎಲ್ಲಿಯವರೆಗೆ, ಸ್ಥಳಕ್ಕೆ ತಕ್ಕ ಮಾರ್ಪಾಡು ಎಲ್ಲಿಂದ ಎಂಬ ಪ್ರಶ್ನೆ ಪ್ರತಿಯೊಂದು ಜೋಡಣೆಯಲ್ಲಿಯೂ ಎದುರಾಗುತ್ತದೆ.

ಶಿಷ್ಟಮಾನಗಳಿಗೇನೂ ಬರವಿಲ್ಲ. ಕಾರ್ಖಾನೆಯ ಉಪಕರಣಗಳಿಗೆಲ್ಲ ಒಂದೇ ಸಂವಹನ ಪದ್ಧತಿಯನ್ನು ರೂಪಿಸಲು ಹೊರಟ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗವು ವರ್ಷಗಟ್ಟಲೆ ಜಗಳದ ಬಳಿಕ, 1999ರ ಕೊನೆಗೆ, ಒಂದಕ್ಕೊಂದು ಹೊಂದದ ಎಂಟು ಬಗೆಗಳನ್ನು ಒಂದೇ ಸಂಖ್ಯೆಯಡಿ ಅಂಗೀಕರಿಸಿತು. ಪಂಚಾಯಿತಿಯಲ್ಲಿ ಎಲ್ಲರೂ ಗೆದ್ದಂತೆ!

ಹೆಚ್ಚು ಬಳಕೆಯಲ್ಲಿರುವುದು ಮಾಡಿಕಾನ್ ಕಂಪನಿ 1979ರಲ್ಲಿ ಪ್ರಕಟಿಸಿದ ಮಾಡ್‌ಬಸ್. ಇದರ ಸರಳತೆಯೇ ಇದರ ಬಲ. ಯಂತ್ರದೊಳಗೆ 16 ಬಿಟ್‌ಗಳ ಕೋಶಗಳ ಸಾಲೊಂದಿರುತ್ತದೆ. ಇಷ್ಟನೆಯ ಕೋಶದಲ್ಲಿ ಏನಿದೆ ಎಂದು ಕೇಂದ್ರ ಕೇಳುತ್ತದೆ, ಯಂತ್ರ ಒಂದು ಸಂಖ್ಯೆಯನ್ನು ಮರಳಿಸುತ್ತದೆ. ಆ ಸಂಖ್ಯೆಯ ಅರ್ಥವೇನೆಂಬುದನ್ನು ಮಾತ್ರ ಶಿಷ್ಟಮಾನ ಹೇಳುವುದಿಲ್ಲ. 543 ಎಂದರೆ 54.3 ಡಿಗ್ರಿಯೋ 543 ಡಿಗ್ರಿಯೋ ತಿಳಿಯಲು ತಯಾರಕರ ಕೈಪಿಡಿಯನ್ನೇ ತೆರೆಯಬೇಕು. ಕೋಶಗಳನ್ನು ಒಬ್ಬರು ಸೊನ್ನೆಯಿಂದ ಎಣಿಸಿದರೆ ಇನ್ನೊಬ್ಬರು ಒಂದರಿಂದ ಎಣಿಸುತ್ತಾರೆ. ದಶಮಾಂಶ ಸಂಖ್ಯೆಗೆ 32 ಬಿಟ್ ಬೇಕಾದ್ದರಿಂದ ಅದನ್ನು ಎರಡು ಕೋಶಗಳಲ್ಲಿ ಹಂಚಿಡುತ್ತಾರೆ. ಯಾವ ಅರ್ಧ ಮೊದಲು ಎಂಬುದು ತಯಾರಕರ ಇಚ್ಛೆ. 50.0 ಎಂಬ ಸಂಖ್ಯೆಯ ಎರಡು ಅರ್ಧಗಳನ್ನು ಅದಲು ಬದಲಾಗಿ ಓದಿದರೆ ಪರದೆಯ ಮೇಲೆ ಕಾಣುವುದು 0.00. ಬೇರಿಂಗು ಕಾಯುತ್ತಿರುತ್ತದೆ, ಎಚ್ಚರಿಕೆಯ ಗಂಟೆ ಮಾತ್ರ ಬಾರಿಸುವುದಿಲ್ಲ. ಇಬ್ಬರು ತಯಾರಕರೂ ಶಿಷ್ಟಮಾನವನ್ನು ಚಾಚೂ ತಪ್ಪದೆ ಪಾಲಿಸಿರುತ್ತಾರೆ.

ಆದ್ದರಿಂದ ಮಾರ್ಪಾಡು ಅನಿವಾರ್ಯ. ಅದು ಎಲ್ಲಿ, ಯಾವ ರೂಪದಲ್ಲಿ ಇರಬೇಕೆಂಬುದೇ ನಿಜವಾದ ತೊಡಕು. ಇಲ್ಲಿನ ಒಂದು ತಾಣದಲ್ಲಿ ಹಿಂದಿನ ಎಂಜಿನಿಯರೊಬ್ಬರು ಜನರೇಟರುಗಳಿಗೂ ಕೇಂದ್ರಕ್ಕೂ ನಡುವೆ ತಾವೇ ಬರೆದ ಪ್ರೋಗ್ರಾಮನ್ನು ಇರಿಸಿದ್ದರು. ಅದು ಸೊಗಸಾಗಿಯೇ ಕೆಲಸ ಮಾಡುತ್ತಿತ್ತು. ಅವರು ಕೆಲಸ ಬಿಟ್ಟು ಊರಿಗೆ ಮರಳಿದ ಬಳಿಕ ಪೆಟ್ಟಿಗೆ ಸುಟ್ಟುಹೋಯಿತು. ಪ್ರೋಗ್ರಾಮಿನ ಮೂಲ ಯಾರ ಬಳಿಯೂ ಇರಲಿಲ್ಲ. ಅದು ಆಗಸ್ಟ್ ತಿಂಗಳು. ಕುವೈತಿನಲ್ಲಿ ಜೂನ್ 1ರಿಂದ ಆಗಸ್ಟ್ 31ರವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರ ತನಕ ಬಯಲಿನ ಕೆಲಸ ನಿಷಿದ್ಧ. ಹೀಗಾಗಿ ನಮ್ಮ ಹುಡುಗರು ಮುಂಜಾನೆ ಮತ್ತು ಸಂಜೆ ಅಷ್ಟು ದೂರ ಹೋಗಿ ಮಾಪಕಗಳನ್ನು ನೋಡಿ ಬರೆದುಕೊಂಡು ಬರುತ್ತಿದ್ದರು. ಯಂತ್ರಕ್ಕೆ ಅತಿ ಕಠಿಣವಾದ ನಡುಹಗಲಿನಲ್ಲಿ ಅದನ್ನು ನೋಡುವವರೇ ಇರಲಿಲ್ಲ. ಮೂರು ನಾಲ್ಕು ವರ್ಷಕ್ಕೊಮ್ಮೆ ಜನ ಬದಲಾಗುವ ಕೊಲ್ಲಿ ದೇಶಗಳಲ್ಲಿ ಒಬ್ಬರ ತಲೆಯೊಳಗಿನ ಜಾಣ್ಮೆಯನ್ನು ನಂಬುವುದು ಅಪಾಯಕರ ಎಂದೇ ನನ್ನ ಅಭಿಪ್ರಾಯ.

ಈಗ ನಾನು ಅನುಸರಿಸುವ ಕ್ರಮ ಹೀಗಿದೆ. ಯಂತ್ರದ ಬಳಿಯೇ ಮಾರುಕಟ್ಟೆಯಲ್ಲಿ ಸಿಗುವ ಗೇಟ್‌ವೇ ಇರುತ್ತದೆ. ಕೋಶದ ಸಂಖ್ಯೆ, ಅಳತೆಯ ಮಾನ, ಗುಣಕ, ಅರ್ಧಗಳ ಕ್ರಮ ಇವೆಲ್ಲವೂ ಪ್ರೋಗ್ರಾಮಿನಲ್ಲಿ ಹುದುಗಿರದೆ, ಯಾರೂ ಓದಬಲ್ಲ ಒಂದು ಪಟ್ಟಿಯಲ್ಲಿರುತ್ತವೆ. ಗೇಟ್‌ವೇಯಿಂದ ಮೇಲಕ್ಕೆ ಹೋಗುವ ಮಾಹಿತಿಗೆ ಎಲ್ಲ ತಾಣಗಳಲ್ಲಿಯೂ ಒಂದೇ ಹೆಸರು, ಒಂದೇ ಮಾನ.

ಮೇಲಕ್ಕೆ ಸಾಗಿಸಲು ನಾವು ಬಳಸುವ ಎಂಕ್ಯೂಟಿಟಿ ಹುಟ್ಟಿದ್ದೂ ಇಂಥದೇ ಅಗತ್ಯದಿಂದ. ತೈಲದ ಕೊಳವೆಮಾರ್ಗಗಳ ಮಾಹಿತಿಯನ್ನು ದುಬಾರಿ ಉಪಗ್ರಹ ಸಂಪರ್ಕದ ಮೂಲಕ ಮಿತವಾಗಿ ಕಳುಹಿಸಲೆಂದು ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ 1999ರಲ್ಲಿ ಅದನ್ನು ರಚಿಸಿದರು. ಲಕೋಟೆಯನ್ನು ತಲುಪಿಸುವುದಷ್ಟೇ ಅದರ ಹೊಣೆ. ಒಳಗಿನ ಕಾಗದದ ಭಾಷೆ ಬರೆದವರಿಗೆ ಬಿಟ್ಟದ್ದು. ಆ ಸ್ವಾತಂತ್ರ್ಯದಿಂದ ಹಳೆಯ ಗೊಂದಲವೇ ಮತ್ತೆ ತಲೆಯೆತ್ತಿದ್ದರಿಂದ, ಕಾಗದದ ಒಕ್ಕಣೆಯನ್ನೂ ನಿಗದಿಪಡಿಸುವ ಸ್ಪಾರ್ಕ್‌ಪ್ಲಗ್ ಎಂಬ ನಿಯಮಾವಳಿ ಬಂದಿತು.

ಎಲ್ಲವನ್ನೂ ಹೊಸದಾಗಿ ಕಟ್ಟುವವರಿಗೆ ಬೇರೆ ದಾರಿಯುಂಟು. ಯಾದಗಿರಿ ಭಾಗಕ್ಕೆ ನೀರುಣಿಸುವ ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣದಲ್ಲಿ ಗೇಟುಗಳನ್ನು ಸ್ಕಾಡಾಕ್ಕೆ ಜೋಡಿಸಲಾಗಿದೆ; 2023ರ ಜನವರಿಯಲ್ಲಿ ಕೊಡೇಕಲ್‌ನಲ್ಲಿ ಆ ಯೋಜನೆಯ ಉದ್ಘಾಟನೆ ನಡೆಯಿತು. ಅಷ್ಟು ದೊಡ್ಡ ಕಾಲುವೆಗೆ ಒಂದೇ ಬಗೆಯ ಗೇಟುಗಳನ್ನು ಒಮ್ಮೆಗೇ ಆರಿಸಿಕೊಳ್ಳಬಹುದು. ಹತ್ತು ತಯಾರಕರ, ಮೂವತ್ತು ವರ್ಷಗಳ ಯಂತ್ರಗಳು ಒಟ್ಟಿಗೆ ನಿಂತಿರುವ ಮರುಭೂಮಿಯ ತಾಣಕ್ಕೆ ಆ ಭಾಗ್ಯವಿಲ್ಲ.

ಯಾವ ಶಿಷ್ಟಮಾನವೂ ಹೇಳಲಾಗದ ಇನ್ನೊಂದು ಸಂಗತಿ ಇಲ್ಲಿಯ ಬಿಸಿಲು. ಕುವೈತಿನ ಮಿತ್ರಿಬಾದಲ್ಲಿ 2016ರ ಜುಲೈ 21ರಂದು ದಾಖಲಾದ ಉಷ್ಣತೆಯನ್ನು ವಿಶ್ವ ಹವಾಮಾನ ಸಂಸ್ಥೆ 53.9 ಡಿಗ್ರಿ ಸೆಲ್ಸಿಯಸ್ ಎಂದು ಮಾನ್ಯ ಮಾಡಿದೆ. ಅನೇಕ ನಿಯಂತ್ರಕಗಳು ತಾಳುವುದು 55 ಅಥವಾ 60 ಡಿಗ್ರಿ. ಬಿಸಿಲಿಗೆ ನಿಂತ ಮುಚ್ಚಿದ ಪೆಟ್ಟಿಗೆಯೊಳಗಿನ ಶಾಖ ಹೊರಗಿನದಕ್ಕಿಂತ ಹೆಚ್ಚು. ತಂಪು ದೇಶದ ಕಾರ್ಖಾನೆ 45 ಡಿಗ್ರಿಗೆ ಇಟ್ಟು ಕಳುಹಿಸಿದ ಎಚ್ಚರಿಕೆಯ ಮಿತಿಯನ್ನು ಹಾಗೆಯೇ ಬಿಟ್ಟರೆ ಬೇಸಿಗೆಯುದ್ದಕ್ಕೂ ಗಂಟೆ ಬಾರಿಸಿ, ಕೊನೆಗೆ ಬೇಸತ್ತ ಯಾರೋ ಅದರ ಬಾಯಿ ಮುಚ್ಚುತ್ತಾರೆ. ಅದಕ್ಕೇ ಮಿತಿಯನ್ನು ತಾಣಕ್ಕೆ ತಕ್ಕಂತೆ ಬದಲಿಸಿ, ಬದಲಿಸಿದ ದಿನಾಂಕವನ್ನೂ ಕಾರಣವನ್ನೂ ಅದೇ ಪಟ್ಟಿಯ ಕೊನೆಯ ಅಂಕಣದಲ್ಲಿ ಬರೆಯುತ್ತೇನೆ. ಪಟ್ಟಿಯ ಒಂದು ಪ್ರತಿ ಕಚೇರಿಯಲ್ಲಿ, ಇನ್ನೊಂದು ಪೆಟ್ಟಿಗೆಯ ಬಾಗಿಲಿನ ಒಳಮೈಗೆ ಅಂಟಿಸಿರುತ್ತದೆ.